ಹೌಸಿ ತಲವಾರದ ಸರ್

ಕಳೆದ ತಿಂಗಳು ಸೇಡಂನಲ್ಲಿ ನಮ್ಮ ಹಿಸ್ಟರಿ ಸರ್‌ಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ನಾನು ಹೋಗಿ ಮುಂದಿನ ಸಾಲಿನಲ್ಲಿ ಕೂತದ್ದೇ ತಪ್ಪಾಯಿತು. ಹಿಂದೆ ಕೂತಿದ್ದರೆ ನಡುವೆ ಎದ್ದು ಹೋಗಲಾದರೂ ಆಗುತ್ತಿತ್ತು. ಅಧ್ಯಕ್ಷರು ಶಾಲು ಸರಿಮಾಡಿಕೊಂಡು, ‘ಮಳಖೇಡದ ರಾಷ್ಟ್ರಕೂಟರ ಖಡ್ಗವನ್ನು ಪತ್ತೆಹಚ್ಚಿ ನಾಡಿಗೆ ಕೊಟ್ಟ ಮಹಾನ್ ಸಂಶೋಧಕ’ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಸತ್ತವರ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದು ಎಂಬ ಖಬರು ಯಾರಿಗೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ತಲವಾರಕ್ಕೂ ಮಳಖೇಡಕ್ಕೂ ಏನೇನೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ಆ ಮನುಷ್ಯ ತನ್ನ ನೌಕರಿಯ ಕೊನೆಯ ವರ್ಷಗಳನ್ನೂ ಪಿಂಚಣಿಯ ಮೊದಲ ವರ್ಷಗಳನ್ನೂ ಸವೆಸಿದ್ದರು. ಅದನ್ನು ಹೇಳಿದ್ದು ಮುಖ್ಯವಾಗಿ ಇದೇ ಅಧ್ಯಕ್ಷರಿಗೆ.

ಮನೆಗೆ ಬಂದ ಮೇಲೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಸರ್ ಹೆಸರು ಬರೆಯುವುದಿಲ್ಲ. ಹೆಸರು ಹಾಕಿ ಹೊಗಳುವ ಕೆಲಸ ಆ ಸಭೆಯಲ್ಲೇ ಬೇಕಾದಷ್ಟು ಆಗಿದೆ. ತಲವಾರದ ಮನೆಯವನ ಹೆಸರನ್ನು ಅವನಿಗೆ ತಿಳಿಸಿಯೇ ಬದಲಿಸಿದ್ದೇನೆ. ಅವನು ಇಲ್ಲಿ ಸಾಬಣ್ಣ.

ಸರ್ ನಮ್ಮ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಎದುರುಬದುರು. ಗಿಡ್ಡ ಆಳು, ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಯಾವಾಗಲೂ ಸೀಮೆಸುಣ್ಣದ ಪುಡಿ. ನಮ್ಮ ಕಡೆಯ ಬಿಸಿಲಿನಲ್ಲೂ ತಲೆಗೆ ಒಂದು ಟವೆಲ್ ಹಾಕಿಕೊಂಡವರಲ್ಲ. ಉಳಿದವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ, ಇವರದು ಇಳಿಯುತ್ತಿತ್ತು. ಕನ್ನಡಕ ತೆಗೆದು, ಮೂಗಿನ ಬುಡವನ್ನು ಎರಡು ಬೆರಳಿನಲ್ಲಿ ಹಿಚುಕಿಕೊಂಡು, ಎದುರಿನವರು ಬಗ್ಗಿ ಕೇಳಬೇಕಾದಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಹೊಸದಾಗಿ ಬಂದ ಹೆಡ್‌ಮಾಸ್ತರರೊಬ್ಬರು ಅದನ್ನು ವಿನಯ ಎಂದು ತಿಳಿದು ಬಹಳ ದಿನ ಮೋಸಹೋಗಿದ್ದರು.

ಅವರಿಗೆ ಆಗಿಬರದ ಶಬ್ದ ‘ಇರಬಹುದು’. ಪರೀಕ್ಷೆಯಲ್ಲಿ ಹುಡುಗರು ಈ ಶಬ್ದ ಬರೆದರೆ ಅದರ ಕೆಳಗೆ ಗೆರೆ ಎಳೆದು, ‘ಇದು ಉತ್ತರವಲ್ಲ, ನಿದ್ರೆ’ ಎಂದು ಬರೆಯುತ್ತಿದ್ದರು. ಹಾಗೆಂದು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವರೂ ಅವರಿಗೆ ಬೇಡ. ಒಂದು ವರ್ಷ ಹತ್ತನೇ ಕ್ಲಾಸಿನ ಮಕ್ಕಳನ್ನು ಮಳಖೇಡದ ಕೋಟೆಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಬಿದ್ದ ಗೋಡೆ, ಮುಳ್ಳುಕಂಟಿ, ಆಚೆಗೆ ಕಾರ್ಖಾನೆಯ ಹೊಗೆಕೊಳವೆ. ಸರ್ ಒಂದು ಕಲ್ಲು ತೋರಿಸಿ, ಇದನ್ನು ಇಲ್ಲಿ ಇಟ್ಟವರು ಯಾರು ಎಂದು ಕೇಳಿದರು. ಹುಡುಗರು ಒಂದೇ ದನಿಯಲ್ಲಿ ರಾಷ್ಟ್ರಕೂಟರು ಎಂದರು. ಸರ್ ಕನ್ನಡಕ ತೆಗೆದರು. ಕೊನೆಗೆ ಆ ಮಕ್ಕಳೆಲ್ಲ ಕೋಟೆಯ ನಡುವೆ ಸಾಲಾಗಿ ನಿಂತು, ಒಂದೊಂದು ಕಲ್ಲಿಗೂ ‘ಗೊತ್ತಿಲ್ಲ ಸರ್’ ಎಂದು ಕೂಗುವ ಹಾಗಾಯಿತು. ಕುರಿ ಕಾಯುವವರು ಗಾಬರಿಯಾಗಿ ನೋಡುತ್ತಿದ್ದರು. ಮರುದಿನ ಪಾಲಕರು ಬಂದು, ಮಕ್ಕಳಿಗೆ ಇದನ್ನೇ ಕಲಿಸಲು ಬಸ್ಸು ಮಾಡಿದಿರಾ ಎಂದು ಜಗಳ ತೆಗೆದರು.

ಇನ್ನೊಂದು ಚಟವಿತ್ತು. ಯಾರೇ ಎದುರಾಗಲಿ, ಹೆಸರಿಗಿಂತ ಮೊದಲು ‘ನಿಮ್ಮ ಮನಿ ಮಾತು ಯಾವುದ್ರಿ?’ ಎಂದು ಕೇಳುವುದು. ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಅರ್ಥವಿದೆ. ಬಸ್ಸಿನಲ್ಲಿ ಕನ್ನಡ ಮಾತಾಡುವವನ ಮನೆಯಲ್ಲಿ ತೆಲುಗು ಇರುತ್ತದೆ, ಅಂಗಡಿಯಲ್ಲಿ ಉರ್ದು ಮಾತಾಡುವವನ ಮನೆಯಲ್ಲಿ ಮರಾಠಿ. ಚಿಂಚೋಳಿ ಬಸ್ಸಿನ ಕಂಡಕ್ಟರನೊಬ್ಬ ಟಿಕೇಟು ಹರಿಯುವುದನ್ನು ಬಿಟ್ಟು ತನ್ನ ತಾಂಡಾದ ಮಾತಿನಲ್ಲಿ ಉಪ್ಪಿಗೆ, ನೀರಿಗೆ, ಅತ್ತೆಗೆ ಏನೆನ್ನುತ್ತಾರೆಂದು ಇವರಿಗೆ ಹೇಳುತ್ತ ನಿಂತದ್ದನ್ನು ಕಂಡಿದ್ದೇನೆ. ಹಿಂದಿನವರು ಬೈಯುತ್ತಿದ್ದರು. ಸರ್‌ಗೆ ಅದರ ಖಬರೇ ಇರಲಿಲ್ಲ.

ಸಾಬಣ್ಣ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತದ್ದು ಸರ್ ನಿವೃತ್ತಿಗೆ ಇನ್ನು ಒಂದೆರಡು ವರ್ಷ ಉಳಿದಿದ್ದಾಗ. ಅವರ ಹಳೆಯ ವಿದ್ಯಾರ್ಥಿ, ಕಾಗಿಣಾ ದಂಡೆಯ ದಂಡೋತಿಯವನು. ಹೊಳೆಯನ್ನೇ ನಂಬಿ ಬದುಕಿದ ಮನೆತನ. ಇವನು ಮಾತ್ರ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದ. ಅವರ ಮನೆಯಲ್ಲಿ ಒಂದು ಹಳೆಯ ತಲವಾರವಿತ್ತು. ಮೊಹರಮ್ಮಿಗೆ ಅದನ್ನು ತೊಳೆದು, ಊದು ಹಾಕಿ, ಬೆಂಕಿಯ ಗುಂಡಿಯ ಸುತ್ತ ಅಲಾಯಿ ಕುಣಿಯುವಲ್ಲಿಗೆ ಒಯ್ದು ತಂದು ಮತ್ತೆ ಗೂಟಕ್ಕೆ ತೂಗುಹಾಕುವುದು ಅವರ ಅಜ್ಜನ ಕಾಲದಿಂದ ಬಂದ ರೂಢಿ. ಯಾವುದೋ ಸಂಘದವರು ಹಳೆಯ ಸಾಮಾನುಗಳ ಪ್ರದರ್ಶನಕ್ಕೆಂದು ಕೇಳಿದರು, ಸಾಬಣ್ಣ ಕೊಟ್ಟ. ಅಲ್ಲಿ ನಮ್ಮ ಈ ಅಧ್ಯಕ್ಷರು ಅದನ್ನು ವೇದಿಕೆಯ ಮೇಲೆ ಎತ್ತಿ ಹಿಡಿದು, ಮಳಖೇಡ ಕೋಟೆಯ ಮಣ್ಣಿನಿಂದ ಎದ್ದುಬಂದ ರಾಷ್ಟ್ರಕೂಟರ ಖಡ್ಗ ಇದು ಎಂದುಬಿಟ್ಟರು. ಫೋಟೊ ಎಲ್ಲರ ಮೊಬೈಲಿಗೂ ಹೋಯಿತು.

ಕೋಟೆಯ ಮಣ್ಣಿನಿಂದ ಎದ್ದಿದ್ದರೆ ಅದು ಸರಕಾರದ್ದು. ಹಾಗಾದರೆ ಅಗೆದವರು ಯಾರು? ಪೊಲೀಸರು ದಂಡೋತಿಗೆ ಬಂದು ತಲವಾರ ಒಯ್ದರು, ಸಾಬಣ್ಣನ ಮೇಲೆ ಕೇಸು ಹಾಕಿದರು. ಯಾವ ಠಾಣೆ ಎಂಬುದು ಇಲ್ಲಿ ಬೇಡ. ಕೇಸು ಇದ್ದವನಿಗೆ ಗೇಟ್ ಪಾಸ್ ಇಲ್ಲ ಎಂದು ಕಾರ್ಖಾನೆಯ ಗುತ್ತಿಗೆದಾರ ಕೈತೊಳೆದುಕೊಂಡ. ಊರಲ್ಲಿ ಇವನಿಗೆ ‘ಕೋಟಿ ಅಗದಾವ’, ಕೋಟೆ ಅಗೆದವನು, ಎಂಬ ಹೆಸರು ಬಿತ್ತು. ತಲವಾರ ಕೋಟೆಯದಲ್ಲ ಎಂದು ಯಾರಾದರೂ ತಿಳಿದವರು ಬರೆದುಕೊಟ್ಟರೆ ಮಾತ್ರ ಬಿಡುಗಡೆ ಎಂದು ಠಾಣೆಯಲ್ಲಿ ಹೇಳಿದ್ದರು. ಸಾಬಣ್ಣನಿಗೆ ಗೊತ್ತಿದ್ದ ತಿಳಿದವರು ಇವರೊಬ್ಬರೇ.

ಸರ್ ನನ್ನನ್ನೂ ಕರೆದುಕೊಂಡು ಮೊದಲು ಹೋದದ್ದು ಅಧ್ಯಕ್ಷರ ಹತ್ತಿರ. ಮಾತಿನ ಭರದಲ್ಲಿ ಹಾಗೆಂದೆ, ಆಧಾರವೇನೂ ಇಲ್ಲ ಎಂದು ಒಂದು ಸಾಲು ಬರೆದುಕೊಡಿ ಎಂದರು. ಅಧ್ಯಕ್ಷರು ಚಹಾ ಕುಡಿಸಿದರು. ‘ಭಾಷಣದಾಗ ಹಂಗ ಬರ್ತದ್ರಿ ಸರ್. ಈಗ ಇಲ್ಲಂದ್ರ ನಾಡಿಗೇ ಅವಮಾನ ಆಗ್ತದ’ ಎಂದರು. ಒಬ್ಬ ಬಡವನ ಹೊಟ್ಟೆಯ ಮೇಲೆ ಕಾಲಿಟ್ಟು ನಾಡಿನ ಮಾನ ಕಾಯುವ ಈ ಪರಿಯನ್ನು ನೋಡಿ ನನಗೆ ಹೇಸಿಗೆಯಾಯಿತು. ಸರ್ ಚಹಾದ ಕಪ್ಪನ್ನು ಮುಟ್ಟದೆ ಎದ್ದು ಬಂದರು.

ನಮಗೆ ತಲವಾರ ನೋಡಲು ಸಿಕ್ಕದ್ದು ಠಾಣೆಯ ಉಗ್ರಾಣದಲ್ಲಿ, ಜಪ್ತಿಯಾದ ಮೋಟರ್ ಪಂಪುಗಳ ನಡುವೆ. ನನಗೆ ಆಯುಧದ ಬಗ್ಗೆ ಏನೂ ತಿಳಿಯದು, ಆದರೂ ಇದು ನಮ್ಮ ಕಡೆಯ ಕತ್ತಿಯಲ್ಲ ಎಂದು ನೋಡಿದ ಕೂಡಲೇ ಅನಿಸಿತು. ಅಲಗು ನೇರ, ಅಗಲ, ಎರಡೂ ಕಡೆ ಬಾಯಿ. ತುದಿ ಚೂಪಿಲ್ಲ, ಚಮಚದ ಹಾಗೆ ದುಂಡಗೆ. ಅಲಗಿನ ನಡುವೆ ಉದ್ದಕ್ಕೂ ಮೂರು ಗೀರುಗಳು, ಅವುಗಳ ಪಕ್ಕ ಮುಖವಿರುವ ಎರಡು ಅರ್ಧಚಂದ್ರ. ಹಿಡಿಯ ಕೆಳಗೆ ಅಡ್ಡಪಟ್ಟಿ, ತುದಿಗೆ ಹಿತ್ತಾಳೆಯ ಗುಂಡು. ಒರೆ ಕೆಂಪು ಚರ್ಮದ್ದು, ಅದರ ಮೇಲೆ ನಾವು ಎಲ್ಲೂ ಕಾಣದ ಹೆಣಿಗೆ. ಸರ್ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, ಎದ್ದು, ‘ಗೊತ್ತಿಲ್ಲ’ ಎಂದರು.

ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ ಎಂದು ಸಾಬಣ್ಣನನ್ನು ಕೇಳಿದರು. ಹೌಸಿ ತಲವಾರ ಅಂತಾರೆ ಎಂದ ಅವನು. ನಮ್ಮ ಕಡೆ ಹೌಸು ಎಂದರೆ ಆಸೆ, ಶೋಕಿ. ಹೌಸಿಲೆ ಸೀರೆ ತಂದ, ಹೌಸಿಲೆ ಮದುವೆ ಮಾಡಿದ ಎನ್ನುತ್ತೇವೆ. ಬಿಳಿ ಧೋತರ ಉಟ್ಟು ಅತ್ತರು ಹಚ್ಚಿಕೊಂಡವನು ಹೌಸಿ ಮನುಷ್ಯ. ಅಜ್ಜ ಯಾವಾಗಲೋ ಹೌಸಿಲೆ ಕೊಂಡು ತಂದ ಸಾಮಾನು ಎಂದು ಮನೆಯವರು ತಿಳಿದಿದ್ದರು. ಪಂಚನಾಮೆಯಲ್ಲೂ ಹಾಗೇ ಬರೆದಿತ್ತು. ಸರ್ ಕೈ ಬೀಸಿ, ಹೌಸಿನ ಮಾತು ಬಿಡು, ಊರಿನ ಹೆಸರೇನಾದರೂ ಹೇಳುತ್ತಿದ್ದರಾ ಎಂದರು. ಸಾಬಣ್ಣನಿಗೆ ಬೇರೇನೂ ಗೊತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ. ರಜೆ ಬಂದರೆ ಸರ್ ನನ್ನ ಮನೆಯ ಮುಂದೆ ಹಾಜರು. ಫೋಟೊಗಳಿದ್ದ ಒಳ್ಳೆಯ ಫೋನು ನನ್ನದಾಗಿತ್ತು. ಅವರದು ಗುಂಡಿ ಒತ್ತುವ ಡಬ್ಬಿ. ಪ್ರಾಧ್ಯಾಪಕರೊಬ್ಬರು ಫೋಟೊ ನೋಡಿ, ನೇರ ಅಲಗು ಅಂದಮೇಲೆ ರಾಷ್ಟ್ರಕೂಟರದೇ ಇರಬಹುದು ಎಂದರು. ಸರ್ ದನಿ ಎಷ್ಟು ಇಳಿಯಿತೆಂದರೆ ಆ ಪ್ರಾಧ್ಯಾಪಕರು ಏನೆಂದಿರಿ, ಏನೆಂದಿರಿ ಎಂದು ಮೂರು ಸಲ ಕೇಳಬೇಕಾಯಿತು. ವಸ್ತುಸಂಗ್ರಹಾಲಯದ ಅಧಿಕಾರಿ ಫೋನಿನಲ್ಲಿ, ಅಲಗು ಯುರೋಪಿನದು, ಆದ್ದರಿಂದ ಇದು ಮರಾಠರ ಫಿರಂಗಿ ಕತ್ತಿ ಎಂದರು. ಮರಾಠರು ಹಿಡಿಗೆ ಇಂಥ ಗುಂಡು ಎಲ್ಲಿ ಹಾಕಿದ್ದಾರೆ ಎಂದು ಕೇಳಿದರೆ ಫೋನು ಕಟ್ಟಾಯಿತು. ಶಹಾಬಾದಿನ ಹಳೇ ಸಾಮಾನಿನ ವ್ಯಾಪಾರಿ ಅರ್ಧಚಂದ್ರ ನೋಡಿ, ಹಬ್ಶಿಗಳದು, ನಿಜಾಮನ ಕಾವಲಿನವರು ಹಿಡಿಯುತ್ತಿದ್ದರು ಎಂದ. ಎಲ್ಲಿಂದ ತಿಳಿಯಿತು ಎಂದರೆ, ಹಾಗೆ ಹೇಳಿದರೆ ಗಿರಾಕಿ ತಗೊಳ್ಳುತ್ತಾರೆ ಎಂದು ನಕ್ಕ. ಚಿಂಚೋಳಿ ಕಡೆಯ ಹಳೆಯ ಜಹಗೀರದಾರ ಮನೆಯವರೊಬ್ಬರು ಮಂಚದ ಕೆಳಗಿನ ಪೆಟ್ಟಿಗೆ ತೆಗೆಸಿ ತಮ್ಮ ತಲವಾರುಗಳನ್ನೆಲ್ಲ ತೋರಿಸಿದರು. ಎಲ್ಲವೂ ಬಾಗಿದವು, ಒಂದಕ್ಕೂ ಇದರ ಹೋಲಿಕೆಯಿರಲಿಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ನಾನು ಸೋತು ಹೋಗಿದ್ದೆ. ಏನೋ ಒಂದು ಬರೆದುಕೊಟ್ಟು ಆ ಹುಡುಗನನ್ನು ಬಿಡಿಸಬಾರದೇ ಎಂದು ಕೇಳಿಯೂಬಿಟ್ಟೆ.

‘ಸುಳ್ಳ ಹೇಳಿ ಸಿಗಸ್ಯಾರ ಬಾಯಾರ. ಸುಳ್ಳ ಹೇಳೇ ಬಿಡಿಸಿದ್ರ ನಾಳೆ ಮತ್ತೊಬ್ಬ ಮತ್ತೊಂದು ಸುಳ್ಳ ಹೇಳಿ ಸಿಗಸ್ತಾನ’ ಎಂದರು ಸರ್. ನಮ್ಮ ಕಡೆ ಹೆಣ್ಣು ಟೀಚರಿಗೆ ಬಾಯಾರು ಎನ್ನುತ್ತಾರೆ.

ಮಾತೇನೋ ಸರಿ. ಆದರೆ ಸಾಬಣ್ಣ ಆಗ ಶಹಾಬಾದಿನ ಕಲ್ಲಿನ ಖಣಿಗಳಲ್ಲಿ ಸಿಕ್ಕ ದಿನ ಕೆಲಸ, ಸಿಗದ ದಿನ ಇಲ್ಲ ಎಂದು ಅಲೆಯುತ್ತಿದ್ದ. ಮುಂದಿನ ಸಲ ಗೇಟ್ ಪಾಸಿನ ಹೊಸ ಯಾದಿಯಲ್ಲಿ ಹೆಸರು ಬರದಿದ್ದರೆ ಆ ಕೆಲಸ ಕಾಯಂ ಆಗಿ ಹೋದ ಹಾಗೇ ಎಂದು ಅವನಿಗೂ ಗೊತ್ತು, ನಮಗೂ ಗೊತ್ತು. ಸರ್‌ರ ಸತ್ಯ ಅವನ ಹೊಟ್ಟೆಗಿಂತ ನಿಧಾನ ನಡೆಯುತ್ತಿದೆ ಎಂದು ನನಗೆ ಅವರ ಮೇಲೆಯೇ ರೇಗುತ್ತಿತ್ತು.

ಒಂದು ದಿನ ದಂಡೋತಿಗೆ ಹೋಗಿ ಸಾಬಣ್ಣನ ಅವ್ವನನ್ನು ಮಾತಾಡಿಸಿದೆವು. ಕಣ್ಣು ಮಂಜಾದ ಮುದುಕಿ. ನಮಗೆ ಬರ್ರಿ, ಕುಂದ್ರಿ ಎಂದು ಹೇಳಿ, ಖಾಲಿ ಗೂಟದ ಕಡೆ ಕೈ ಮಾಡಿ ಅತ್ತಳು. ಅವಳ ಮಾವ, ಅಂದರೆ ಸಾಬಣ್ಣನ ಅಜ್ಜ, ನಮ್ಮ ಕಡೆಯ ಮುತ್ಯಾ, ವಾಡಿ ಸ್ಟೇಷನ್ನಿನಲ್ಲಿ ಗಾಡಿಗಳಿಗೆ ನೀರು ಕೊಡುವ ಕೆಲಸ ಮಾಡುತ್ತಿದ್ದನಂತೆ. ತಲವಾರ ರೈಲಿನ ಮೇಲೆ ಬಂದದ್ದು, ಇವಳು ಲಗ್ನವಾಗಿ ಬರುವುದಕ್ಕಿಂತ ಮೊದಲೇ. ಯಾರು ಕೊಟ್ಟರು ಎಂಬುದು ತಿಳಿಯದು. ಮಾವ ಮಾತು ಕಡಿಮೆಯ ಮನುಷ್ಯ, ಕೇಳಿದರೆ ಹೌಸಾ, ಹೌಸಾ ಎಂದಷ್ಟೇ ಹೇಳುತ್ತಿದ್ದ.

‘ಹೌಸಿಲೆ ತಂದೀನಿ ಅಂತ ಹೇಳ್ಲಿಕತ್ತಾನ ಅಂತ ನಾ ತಿಳಕೊಂಡೆ’ ಎಂದಳು ಮುದುಕಿ. ಸರ್ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಕನ್ನಡ ಕಲಿಸುವವಳು, ಇತಿಹಾಸ ಕಲಿಸುವವರು, ಇಬ್ಬರೂ ಆ ಹೊರಸಿನ ಮೇಲೆ ಕೂತು ಆ ಮಾತನ್ನು ಕೇಳಿ, ಚಹಾ ಕುಡಿದು ಎದ್ದು ಬಂದೆವು.

ವಾಡಿಗೆ ಹೋದದ್ದು ಒಬ್ಬ ನಿವೃತ್ತ ರೈಲ್ವೆ ಗಾರ್ಡರನ್ನು ಕಾಣಲು. ಹಳೆಯ ಸಂಗತಿ ಗೊತ್ತಿರುವವರು, ಸ್ಟೇಷನ್ನಿಗೇ ಬರುತ್ತೇನೆ ಎಂದಿದ್ದರು. ಬರಲಿಲ್ಲ. ಫೋನೂ ಎತ್ತಲಿಲ್ಲ. ಮಧ್ಯಾಹ್ನದವರೆಗೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನನ್ನ ಸಹನೆಯೆಲ್ಲ ಮುಗಿದಿತ್ತು. ಅಷ್ಟರಲ್ಲಿ ಮುಂಬೈ ಕಡೆ ಹೋಗುವ ಗಾಡಿ ಬಂದು ನಿಂತಿತು. ಅದರಿಂದ ಒಬ್ಬ ಆಫ್ರಿಕಾದ ಯುವಕ ಇಳಿದು ನಲ್ಲಿಯ ಹತ್ತಿರ ಬಾಟಲಿ ತುಂಬಿಸಲು ನಿಂತ. ಜನ ಅವನನ್ನೇ ಪಿಳಿಪಿಳಿ ನೋಡುತ್ತಿದ್ದರು. ಸರ್ ಎದ್ದು ಸೀದಾ ಅವನ ಹತ್ತಿರ ಹೋದರು. ನನಗೆ ನಾಚಿಕೆಯಾಯಿತು. ಹೊರಗಿನವರನ್ನು ಕಂಡರೆ ಮೈಮೇಲೆ ಬೀಳುವ ಮಂದಿಯ ಸಾಲಿಗೆ ಇವರೂ ಸೇರಿದರಲ್ಲ ಎಂದು ಹಿಂದೆಯೇ ಹೋದೆ.

ಸರ್ ತಮ್ಮ ಇಂಗ್ಲಿಷಿನಲ್ಲಿ ಕೇಳಿದ್ದು ಅದೇ ಪ್ರಶ್ನೆ, ನಿಮ್ಮ ಮನೆಯ ಮಾತು ಯಾವುದು. ಬೆಂಗಳೂರಿನಲ್ಲಿ ಫಾರ್ಮಸಿ ಓದುತ್ತಿದ್ದ ಹುಡುಗ, ನೈಜೀರಿಯಾದವನು. ಎಲ್ಲರೂ ದೇಶ ಕೇಳುತ್ತಾರೆ, ಯಾರೂ ಮಾತು ಕೇಳಿರಲಿಲ್ಲ ಎಂದು ನಕ್ಕ. ಆಮೇಲೆ ಹೇಳಿದ:

‘ಹೌಸಾ.’

ಸರ್ ಇನ್ನೊಮ್ಮೆ ಕೇಳಿದರು. ಅವನು ಇನ್ನೊಮ್ಮೆ ಹೇಳಿದ. ಸರ್ ನನ್ನ ಕಡೆ ತಿರುಗಿ ಕೈ ಚಾಚಿದರು. ನಾನು ಫೋನಿನಲ್ಲಿ ತಲವಾರದ ಫೋಟೊ ತೆಗೆದು ಕೊಟ್ಟೆ. ಹುಡುಗ ನೋಡಿದವನೇ ನಲ್ಲಿಯನ್ನು ಹಾಗೇ ಬಿಟ್ಟು, ಇದು ನಿಮ್ಮ ಹತ್ತಿರ ಹೇಗೆ ಬಂತು ಎಂದು ನಮ್ಮನ್ನೇ ಕೇಳಿದ. ತನ್ನ ಅಜ್ಜನ ಮನೆಯಲ್ಲಿ ಇಂಥದೇ ಇದೆ, ಟಕೋಬಿ ಎನ್ನುತ್ತೇವೆ, ಈದ್ ದಿನ ಸವಾರರು ಇದನ್ನು ಹೆಗಲಿಗೆ ಹಾಕಿಕೊಂಡು ಕುದುರೆ ಓಡಿಸುತ್ತಾರೆ ಎಂದ. ಒರೆಯ ಹೆಣಿಗೆಯನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ. ಗಾಡಿ ಕೂಗಿತು. ಬಾಟಲಿ ಹಿಡಿದು ಓಡಿದ. ಹೆಸರು ಕೇಳುವುದೂ ಆಗಲಿಲ್ಲ.

ಸರ್ ನಲ್ಲಿ ಬಂದ್ ಮಾಡಿ ಬಂದರು. ದನಿ ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿಯೇ ಕೇಳಬೇಕಾಯಿತು.

‘ಆ ಮುತ್ಯಾ ಖರೆನೇ ಹೇಳಿದ್ದ ಬಾಯಾರ. ನಾವೆಲ್ಲ ಅದನ್ನ ಕನ್ನಡದಾಗ ಕೇಳಿದ್ವಿ.’

ಅವತ್ತಿನಿಂದ ಅವರು ತಮ್ಮ ಮೇಲೆ ಮಾಡಿಕೊಂಡ ಸಿಟ್ಟು ಕೊನೆಯವರೆಗೂ ಇಳಿಯಲಿಲ್ಲ ಎಂದೇ ನನ್ನ ನಂಬಿಕೆ. ಊರೆಲ್ಲರ ಮನೆ ಮಾತು ಕೇಳುವ ಮನುಷ್ಯ, ಈ ಒಂದು ಶಬ್ದ ಯಾವ ಮನೆಯದು ಎಂದು ಕೇಳಲಿಲ್ಲವಲ್ಲ. ಉಳಿದದ್ದು ಆಮೇಲೆ ಬೇಗ ಬೇಗ ಕೂಡಿಬಂತು. ನನ್ನ ಫೋನಿನಲ್ಲೇ ಹುಡುಕಿದೆವು. ಪಶ್ಚಿಮ ಆಫ್ರಿಕಾದ ಹೌಸಾ ಸೀಮೆಯ ತಲವಾರಗಳು ಸಾಲುಸಾಲಾಗಿ ಕಂಡವು. ಅದೇ ದುಂಡು ತುದಿ, ಅದೇ ಅಡ್ಡಪಟ್ಟಿ, ಅದೇ ಗುಂಡು. ಅಲಗುಗಳು ಎಷ್ಟೋ ಸಲ ಯುರೋಪಿನಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ಬರುತ್ತಿದ್ದವಂತೆ, ಅರ್ಧಚಂದ್ರದ ಗುರುತು ಅಲ್ಲಿಯದು. ಹಿಡಿ, ಒರೆ ಹೌಸಾ ಕುಶಲಿಗಳದು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಪಶ್ಚಿಮ ಆಫ್ರಿಕಾದ ಸೈನಿಕರನ್ನು ಬರ್ಮಾದ ಕಾಳಗಕ್ಕೆಂದು ಈ ದೇಶಕ್ಕೆ ತಂದಿದ್ದರು. ನಾಸಿಕದ ಕಡೆಗೂ ಮದ್ರಾಸಿನ ಕಡೆಗೂ ಅವರ ಬಿಡಾರಗಳಿದ್ದವು. ಆ ಎರಡರ ನಡುವಿನ ರೈಲು ಹಾದುಹೋಗುವುದು ವಾಡಿಯ ಮೇಲೆ, ಸಾಬಣ್ಣನ ಮುತ್ಯಾ ನೀರು ಕೊಡುತ್ತಿದ್ದ ಪ್ಲಾಟ್‌ಫಾರ್ಮಿನ ಮೇಲೆ.

ಒಬ್ಬ ಸೈನಿಕ ಅಷ್ಟು ದೂರದಿಂದ ಮನೆಯ ತಲವಾರ ಯಾಕೆ ತಂದ, ನೀರು ಕೊಟ್ಟವನ ಕೈಗೆ ಅದನ್ನು ಯಾಕೆ ಕೊಟ್ಟ, ಅಥವಾ ಗಾಡಿಯಲ್ಲಿ ಮರೆತು ಹೋದನೋ, ಇದ್ಯಾವುದಕ್ಕೂ ಸಾಕ್ಷಿ ಸಿಗಲಿಲ್ಲ. ಸರ್ ಠಾಣೆಗೆ ಕೊಡಲು ಬರೆದ ವರದಿಯನ್ನು ಎಷ್ಟೋ ಸಲ ಹರಿದು ಹಾಕಿದರು. ಕಾರಣ ಒಂದೇ: ಜೀವನವಿಡೀ ಬೈದ ಆ ‘ಇರಬಹುದು’ ಈಗ ತಮ್ಮ ಕೈಯಿಂದಲೇ ಬರೆಯಬೇಕಾಗಿತ್ತು. ಕೊನೆಗೆ ಬರೆದರು. ತಲವಾರ ಪಶ್ಚಿಮ ಆಫ್ರಿಕಾದ ಹೌಸಾ ಜನರದು, ಇದು ಖಚಿತ; ವಾಡಿಗೆ ಬಂದದ್ದು ಯುದ್ಧಕಾಲದ ರೈಲಿನಲ್ಲಿ ಇರಬಹುದು. ಆ ಸಾಲು ಓದಿ ತೋರಿಸುವಾಗ ಅವರಿಗಾದ ಸಂಕಟ ನೋಡಲಾಗುತ್ತಿರಲಿಲ್ಲ.

ವರದಿ ಠಾಣೆಯಿಂದ ಒಂದು ಕಚೇರಿಗೆ ಹೋಯಿತು. ಅಲ್ಲಿನ ಸಾಹೇಬರು ಓದಿ, ವಿದೇಶದ ವಸ್ತು ಅಂದಮೇಲೆ ಇದು ಒಳಗೆ ಹೇಗೆ ಬಂತು, ಕಳ್ಳಸಾಗಣೆಯೇ, ಬೇರೆ ಇಲಾಖೆಯನ್ನು ಕೇಳಬೇಕಾಗುತ್ತದೆ ಎಂದರು. ಕೋಟೆ ಕಳ್ಳ ಹೋಗಿ ದೇಶದೇಶಗಳ ಕಳ್ಳನಾಗುವ ಕಾಲ ಬಂತು ಸಾಬಣ್ಣನಿಗೆ. ಸರ್ ಆ ಹೊತ್ತಿಗೆ ನಿವೃತ್ತರಾಗಿದ್ದರು. ಕಚೇರಿಯ ಬೆಂಚಿನ ಮೇಲೆ ಅವರು ಕೂತ ದಿನಗಳನ್ನು ನೆನೆದರೆ ನನಗೆ ಈಗಲೂ ರೇಗುತ್ತದೆ. ಸಾಹೇಬರಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರಿಗೆ ಬದಲಿಯಾಗಿದೆ. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಗೇಟ್ ಪಾಸಿನ ಹೊಸ ಯಾದಿ ಮಾಡುತ್ತಿದ್ದಾರೆ ಎಂದು ಸಾಬಣ್ಣ ಓಡಿಬಂದು ಹೇಳಿದ. ವಾರದೊಳಗೆ ಕೇಸು ಮುಗಿದ ಕಾಗದ ತಂದರೆ ಮಾತ್ರ ಉಂಟು ಎಂದಿದ್ದರು.

ಮೂವರೂ ಕಚೇರಿಗೆ ಹೋದೆವು. ಹೊಸ ಸಾಹೇಬರು ಬಂದಿದ್ದರು, ಅವರ ಗುಮಾಸ್ತ ಬಾಕಿ ಕಡತಗಳನ್ನೆಲ್ಲ ಮುಗಿಸುವ ಹುರುಪಿನಲ್ಲಿದ್ದ. ನಮ್ಮದನ್ನೂ ಮುಗಿಸಿಬಿಟ್ಟಿದ್ದೇನೆ ಎಂದು ಟೈಪು ಮಾಡಿದ ಕಾಗದ ಮುಂದೆ ಇಟ್ಟ. ಸಾಹೇಬರ ಸಹಿ ಆಗಲೇ ಬಿದ್ದಿತ್ತು. ತಜ್ಞರದೊಂದು ಸಹಿ ಬೇಕು, ಅಷ್ಟೇ. ನಾನು ಸರ್ ಹೆಗಲ ಮೇಲಿಂದ ಓದಿದೆ. ‘ಸದರಿ ತಲವಾರು ಮನೆಯವರು ಹೌಸಿಗಾಗಿ ಇಟ್ಟುಕೊಂಡ ಶೋಭೆಯ ವಸ್ತುವಾಗಿದ್ದು, ಪುರಾತನವಲ್ಲ, ಯಾವುದೇ ಐತಿಹಾಸಿಕ ಮಹತ್ವ ಹೊಂದಿರುವುದಿಲ್ಲ, ಮಾಲೀಕರಿಗೆ ಮರಳಿಸಬಹುದು.’

ಇದು ಎಲ್ಲಿಂದ ಬಂತು ಎಂದು ನಾನು ಕೇಳಿದೆ. ಸರ್ ವರದಿಯ ಮೇಲೆ ‘ವಿಷಯ: ಹೌಸಾ ತಲವಾರದ ಮೂಲದ ಬಗ್ಗೆ’ ಎಂದಿತ್ತು. ಗುಮಾಸ್ತ ಓದಿದ್ದು ಆ ಒಂದು ಸಾಲು, ಜೊತೆಗೆ ಹಳೆಯ ಪಂಚನಾಮೆ. ‘ನೀವೇ ಬರದೀರಲ್ರಿ ಸರ್. ಹೌಸಾ ಅಂತ ತಪ್ಪ ಬಿದ್ದಿತ್ತು, ನಾನೇ ಹೌಸಿ ಅಂತ ತಿದ್ದೀನಿ’ ಎಂದ, ಉಪಕಾರ ಮಾಡಿದವನ ಮುಖ ಮಾಡಿ.

ನಾನು ಬಾಯಿ ತೆರೆದೆ. ಸರ್ ಕೈ ಎತ್ತಿ ತಡೆದರು. ಕನ್ನಡಕ ತೆಗೆದು, ಇದನ್ನು ಸರಿಮಾಡಿ ಕೊಟ್ಟರೆ ಏನಾಗುತ್ತದೆ ಎಂದು ಗುಮಾಸ್ತನನ್ನು ಕೇಳಿದರು. ಮೇಲಿನ ಕಚೇರಿಗೆ ಹೋಗುತ್ತದೆ, ಆರು ತಿಂಗಳೋ ವರ್ಷವೋ ಎಂದ ಅವನು. ಇದಕ್ಕೇ ಸಹಿ ಮಾಡಿದರೆ? ಇವತ್ತೇ ತಲವಾರ ಒಯ್ಯಬಹುದು, ಕೇಸು ಮುಗಿದ ಹಾಗೆ. ಸಾಬಣ್ಣ ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದ. ಅವನಿಗೆ ನಮ್ಮ ಮಾತು ಪೂರ್ತಿ ಕೇಳಿಸುತ್ತಿರಲಿಲ್ಲ, ಸರ್ ಮುಖವನ್ನೇ ನೋಡುತ್ತಿದ್ದ. ಸರ್ ಆ ಕಾಗದವನ್ನು ಮತ್ತೊಮ್ಮೆ ಮೊದಲಿನಿಂದ ಓದಿದರು. ತಪ್ಪಿದ್ದಲ್ಲೆಲ್ಲ ಅವರ ಪೆನ್ನಿನ ತುದಿ ಒಂದು ಗಳಿಗೆ ನಿಂತು ಮುಂದೆ ಹೋಯಿತು. ಯಾವುದನ್ನೂ ಮುಟ್ಟಲಿಲ್ಲ. ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿದರು.

ಆಮೇಲೆ ಇದನ್ನು ಎಲ್ಲಾದರೂ ಬರೆಯಿರಿ ಎಂದು ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಅಚ್ಚಾದರೆ ಯಾರೋ ಒಬ್ಬರು ಕಡತ ಮತ್ತೆ ಬಿಚ್ಚುತ್ತಾರೆ, ಸಾಬಣ್ಣ ಮತ್ತೆ ಸಿಕ್ಕ ಕೆಲಸದಲ್ಲಿ ಗಟ್ಟಿಯಾಗಲಿ, ಆಮೇಲೆ ನೋಡೋಣ ಎನ್ನುತ್ತಿದ್ದರು. ಆ ಆಮೇಲೆ ಬರಲೇ ಇಲ್ಲ. ಅಧ್ಯಕ್ಷರು ಮಾತ್ರ ಊರೂರಿಗೆ ಹೋಗಿ ತಮ್ಮ ರಾಷ್ಟ್ರಕೂಟರ ಖಡ್ಗದ ಭಾಷಣ ಮಾಡುತ್ತಲೇ ಇದ್ದರು, ಇವರು ಕೇಳುತ್ತಲೇ ಇದ್ದರು.

ಸಹಿ ಮಾಡಿದ ಆ ದಿನ ಸಂಜೆಯ ಹೊತ್ತಿಗೆ ತಲವಾರ ಕೈಗೆ ಬಂತು. ಸಾಬಣ್ಣ ಅದನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಠಾಣೆಯ ಅಂಗಳಕ್ಕೆ ಬಂದ. ಕಣ್ಣು ತುಂಬಿದ್ದವು. ಊರಲ್ಲಿ ಎಲ್ಲರೂ ಕೇಳುತ್ತಾರೆ, ಕೋಟೆಯದಲ್ಲ ಅಂದಮೇಲೆ ಎಲ್ಲಿಯದು ಅಂತ ಹೇಳಲಿ ಎಂದು ಸರ್‌ರನ್ನು ಕೇಳಿದ. ನೈಜೀರಿಯಾ, ಹೌಸಾ ಸೀಮೆ, ಮರುಭೂಮಿ ದಾಟಿದ ಅಲಗು, ಯುದ್ಧದ ರೈಲು, ಎಲ್ಲ ಸರ್ ನಾಲಿಗೆಯ ತುದಿಯಲ್ಲಿತ್ತು. ಸರ್ ಆ ಸೀರೆಯ ಗಂಟಿನ ಮೇಲೆ ಮೊದಲ ಸಲ ಕೈ ಇಟ್ಟರು.

‘ನಮ್ಮ ಮನೀದು ಅಂತ ಹೇಳು’ ಎಂದರು. ‘ನಿಮ್ಮ ಮುತ್ಯಾಗ ಯಾರೋ ನಂಬಿ ಕೊಟ್ಟದ್ದು. ನಿಮ್ಮ ಮನೀದೇ.’

ಸಾಬಣ್ಣ ತಲೆಯಾಡಿಸಿ, ತಲವಾರವನ್ನು ಎದೆಗೆ ಒತ್ತಿಕೊಂಡು ದಂಡೋತಿಯ ಬಸ್ಸು ಹತ್ತಿದ.